‘ಬೈಸಿಕಲ್ ಥೀವ್ಸ್’ ಮನೆಮಂದಿಗೆ ತೋರಿಸುವುದು ಹೇಗೆ?

ದಾವಣಗೆರೆಯ ನಮ್ಮ ಮನೆ ಪಡಸಾಲೆಯಲ್ಲಿ ಈ ಸಿನಿಮಾ ಎರಡು ಸಲ ಹಾಕಿದ್ದೇನೆ. ಮೊದಲ ಸಲ ಅರ್ಧಕ್ಕೇ ಎಲ್ಲರೂ ಎದ್ದು ಹೋದರು. ತಪ್ಪು ನನ್ನದೇ. ನಿರ್ದೇಶಕ ಡಿ ಸಿಕಾ, 1948, ನಿಯೋರಿಯಲಿಸಂ (ಬಡವರ ಬದುಕನ್ನು ಇದ್ದ ಹಾಗೇ ತೋರಿಸುವ ಸಿನಿಮಾ ರೀತಿ) ಅಂತ ಕಾಲು ಗಂಟೆ ಭಾಷಣ ಬಿಗಿದಿದ್ದೆ.

ಶುರುವಿಗೆ ಇಷ್ಟು ಹೇಳಿದರೆ ಸಾಕು: ಎರಡನೇ ಮಹಾಯುದ್ಧ ಮುಗಿದ ಮೇಲಿನ ರೋಮ್. ಕೆಲಸವಿಲ್ಲದ ಆಂಟೋನಿಯೊಗೆ ಗೋಡೆಗೆ ಪೋಸ್ಟರ್ ಹಚ್ಚುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಬೇಕು. ಸೈಕಲ್ಲೋ, ಗಿರವಿಯಲ್ಲಿದೆ.

ಸಿನಿಮಾ ಇಟಾಲಿಯನ್, ಕೆಳಗೆ ಇಂಗ್ಲಿಷ್ ಅಕ್ಷರ. ಒಬ್ಬರು ಕನ್ನಡದಲ್ಲಿ ಹೇಳುತ್ತಾ ಹೋಗಿ. ಎಲ್ಲ ಮಾತೂ ಬೇಡ, ಸಂತೆಯ ಕೂಗಾಟ ಬಿಟ್ಟರೂ ನಡೆಯುತ್ತದೆ. ದುಡ್ಡಿನ ಮಾತು ಮಾತ್ರ ಬಿಡಬೇಡಿ.

ಒಂದೇ ಒಂದು ಕಡೆ ನಿಲ್ಲಿಸಿ. ಸೈಕಲ್ ಬಿಡಿಸಿಕೊಳ್ಳಲು ಹೆಂಡತಿ ಮರಿಯಾ ಹಾಸಿಗೆ ಮೇಲಿನ ಬೆಡ್‌ಶೀಟ್‌ಗಳನ್ನೇ ಕಿತ್ತು ಗಿರವಿಗೆ ಒಯ್ಯುತ್ತಾಳೆ. 7,500 ಲೀರಾ ಸಿಗುತ್ತದೆ. ಗಂಟು ಹಿಡಿದು ಅಲ್ಲಿನ ಕೆಲಸದವನು ಅಟ್ಟಣಿಗೆ ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ. ಮೇಲಿನವರೆಗೂ ಬೇರೆ ಬೇರೆ ಮನೆಗಳ ಬೆಡ್‌ಶೀಟ್ ಗಂಟುಗಳು! ನಾನು ನಿಲ್ಲಿಸಿದಾಗ ಅವ್ವ, "ನಮ್ಮ ಹಿತ್ತಾಳಿ ಕೊಡಾನೂ ಹಿಂಗ ಮ್ಯಾಲೆ ಇಟ್ಟಿದ್ರು" ಅಂದಳು. ಅಪ್ಪನ ಹತ್ತಿ ಗಿರಣಿ ಮುಚ್ಚಿದ ಕಾಲದ ಮಾತು. ಕೊಡ ಗಿರವಿಗೆ ಹೋಗಿದ್ದು ನನಗೆ ಅವತ್ತೇ ಗೊತ್ತಾಗಿದ್ದು.

ಮಕ್ಕಳಿದ್ದರೆ ಬ್ರೂನೋನ ಮೇಲೆ ಕಣ್ಣಿಡಲು ಹೇಳಿ. ಆಂಟೋನಿಯೊನ ಮಗ, ಪುಟ್ಟ ಹುಡುಗ, ಪೆಟ್ರೋಲ್ ಬಂಕ್‌ನಲ್ಲಿ ದುಡಿಯುತ್ತಾನೆ. ಹೋಟೆಲ್‌ನಲ್ಲಿ ಚೀಸ್ ಎಳೆದೆಳೆದು ತಿನ್ನುವಾಗ ಪಕ್ಕದ ಟೇಬಲ್‌ನ ಸಾಹುಕಾರರ ಹುಡುಗನನ್ನು ನೋಡುತ್ತಾನಲ್ಲ, ಅದನ್ನು ಯಾರೂ ವಿವರಿಸಬೇಕಿಲ್ಲ.

"ಕಳ್ಳ ಸಿಗ್ತಾನಾ?" ಅಂತ ಸೈಕಲ್ ಕಳುವಾದ ಮೇಲೆ ಕೇಳಿಯೇ ಕೇಳುತ್ತಾರೆ. ಹೇಳಬೇಡಿ. ಹೋಗಿದ್ದು ಒಂದೇ ಸೈಕಲ್, ಹೆಸರಲ್ಲಿ ‘ಕಳ್ಳರು’ ಅಂತ ಯಾಕಿದೆ ಅಂತ ತಿರುಗಿ ಕೇಳಿ, ಸುಮ್ನಾಗಿ.

ಒಂದೂವರೆ ಗಂಟೆಯ ಸಿನಿಮಾ, ಊಟ ಮುಗಿಸಿಯೇ ಹಾಕಿ. ಮುಗಿದ ಮೇಲೆ ಅಪ್ಪ ಕೇಳಿದ, "ಆಮೇಲೆ ಅವನಿಗೆ ಕೆಲಸ ಸಿಕ್ತಾ?" ಪಾತ್ರದ ಕತೆ ಅಲ್ಲಿಗೇ ನಿಲ್ಲುತ್ತದೆ. ಪಾತ್ರ ಮಾಡಿದ ಲ್ಯಾಂಬರ್ತೊ ಮಜ್ಜೊರಾನಿಯ ಕತೆ ಹೇಳಿದೆ. ನಿಜಕ್ಕೂ ಕಾರ್ಖಾನೆ ಕೆಲಸಗಾರ. ಸಿನಿಮಾ ಆದಮೇಲೆ ಆ ಕೆಲಸವೂ ಹೋಯಿತು.

"ಯಾಕ, ಗಿರಣಿ ಮುಚ್ಚಿದ್ರಾ?" ಅಂದ ಅಪ್ಪ.