ನಾಯಿ ಕೂದಲು ಮತ್ತು ನನ್ನ ಬಾಚಣಿಗೆ ಡಬ್ಬಿ

ಕೂದಲು ಉದುರೋದನ್ನು ನಿಲ್ಲಿಸುವ ಬ್ರಷ್ ಯಾವುದು ಅಂತ ನಮ್ಮ ಸೊಸೈಟಿಯಲ್ಲಿ ಯಾರಾದರೂ ಆಗಾಗ ಕೇಳುತ್ತಲೇ ಇರುತ್ತಾರೆ. ಅಂಥ ಬ್ರಷ್ ಇಲ್ಲ. ಉದುರಬೇಕಾದ ಕೂದಲು ಉದುರಿಯೇ ತೀರುತ್ತದೆ. ಅದು ಸೋಫಾಕ್ಕೆ ಹೋಗಬೇಕೋ ಬಾಚಣಿಗೆಗೆ ಬರಬೇಕೋ ಅನ್ನುವುದಷ್ಟೇ ನಮ್ಮ ಕೈಲಿರುವುದು. ಮುಂಬಯಿಯ ಮುಲುಂಡಿನ ಫ್ಲ್ಯಾಟಿನಲ್ಲಿ ಲ್ಯಾಬ್ರಡಾರ್ ಸಾಕಿಕೊಂಡಿದ್ದೇನೆ, ಹೆಸರು ಚೀಕು. ಭಾನುವಾರ ಮೇಲಿನ ಮಹಡಿಯ ಜರ್ಮನ್ ಶೆಫರ್ಡ್‌ಗೂ ಎದುರು ವಿಂಗ್‌ನ ಪಾಮೇರಿಯನ್‌ಗೂ ನಾನೇ ಬಾಚಿಕೊಡುತ್ತೇನೆ. ಮೂರಕ್ಕೂ ಒಂದೇ ಸಾಮಾನು ನಡೆಯುವುದಿಲ್ಲ.

ಯಾವುದನ್ನೂ ಕೊಳ್ಳುವ ಮುಂಚೆ ನಾಯಿಯ ಬೆನ್ನ ಮೇಲೆ ಕೂದಲನ್ನು ಎರಡೂ ಹೆಬ್ಬೆರಳಿಂದ ಬೈತಲೆ ತೆಗೆದ ಹಾಗೆ ಬಿಡಿಸಿ ನೋಡಿ. ಮೇಲೆ ಒರಟಾದ, ನೇರವಾದ ಕೂದಲು. ಬುಡದಲ್ಲಿ ಹತ್ತಿಯಂಥ ಮೆತ್ತನೆಯ, ಸ್ವಲ್ಪ ಪೇಲವ ಬಣ್ಣದ ಒಳಪದರ. ಹೀಗೆ ಎರಡು ಪದರ ಕಂಡರೆ ನಿಮ್ಮ ಮನೆಯಲ್ಲಿ ವರ್ಷಪೂರ್ತಿ ಕೂದಲೇ. ಲ್ಯಾಬ್, ಶೆಫರ್ಡ್, ಗೋಲ್ಡನ್ ರಿಟ್ರೀವರ್, ಹಸ್ಕಿ, ಪಾಮೇರಿಯನ್, ಬೀಗಲ್ ಕೂಡ ಈ ಬಗೆಯವೇ. ಲ್ಯಾಬ್ ಚಿಕ್ಕ ಕೂದಲಿನ ನಾಯಿ, ಹಾಗಾಗಿ ಉದುರೋದು ಕಡಿಮೆ ಅಂದುಕೊಂಡು ತರುವವರು ಬಹಳ. ಅದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮಂಜುನೀರಿನಲ್ಲಿ ಮೀನುಗಾರರ ಜೊತೆ ಈಜಿದವರು, ಒಳಗೆ ದಪ್ಪ ಪದರ ಇಲ್ಲದೆ ಆಗುತ್ತಿರಲಿಲ್ಲ. ಹಗಲು ಉದ್ದವಾಗುವುದು, ಗಿಡ್ಡವಾಗುವುದನ್ನು ಅನುಸರಿಸಿ ಆ ಪದರ ಬದಲಾಗುತ್ತದೆ. ಮುಂಬಯಿಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸವೇ ಎರಡು ಗಂಟೆ ಚಿಲ್ಲರೆ. ಅದರ ಮೇಲೆ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟು. ಹಾಗಾಗಿ ಚೀಕುಗೆ ಹೋಳಿ ಹೊತ್ತಿಗೆ, ದೀಪಾವಳಿ ಹೊತ್ತಿಗೆ ಜೋರು. ಉಳಿದ ತಿಂಗಳು ಸಾಧಾರಣ, ರಜೆ ಅನ್ನುವುದು ಇಲ್ಲ. ಧಾರವಾಡದಿಂದ ಬಂದ ನಮ್ಮತ್ತೆ ಮೊದಲ ವಾರವೇ ಕೇಳಿದ್ದರು: "ಏನವಾ, ದೇವರ ದೀಪದ ಬತ್ತಿಯೊಳಗೂ ಇದರದ ಕೂದಲೇನ?"

ನನ್ನ ಡಬ್ಬಿಯಲ್ಲಿ ಅತಿ ಹೆಚ್ಚು ಸವೆದಿರುವುದು ಅತಿ ಅಗ್ಗದ್ದು: ದಪ್ಪ ಮೊಂಡು ಹಲ್ಲುಗಳಿರುವ ರಬ್ಬರ್ ಬ್ರಷ್. ಲ್ಯಾಬ್, ಬೀಗಲ್, ಬೀದಿಯಿಂದ ತಂದ ನಮ್ಮ ದೇಸಿ ನಾಯಿಗಳಿಗೆ ಇದೊಂದಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಬಾಲ್ಕನಿಯಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಫ್ಯಾನ್ ಆರಿಸಿ (ಇದನ್ನು ಮರೆತರೆ ಪಕ್ಕದ ಮನೆಯವರ ಒಣಹಾಕಿದ ಬಟ್ಟೆಗೂ ಪಾಲು ಹೋಗುತ್ತದೆ) ಚೀಕುವನ್ನು ಕೂರಿಸುತ್ತೇನೆ. ಕೈಗೆ ಒಂದಿಷ್ಟು ನೀರು ಹಚ್ಚಿಕೊಂಡು ಅವಳ ಮೈಮೇಲೆ ಸವರಿದರೆ ಕೂದಲು ಗಾಳಿಗೆ ಹಾರುವುದಿಲ್ಲ. ಕತ್ತಿನಿಂದ ಶುರುಮಾಡಿ ಸಣ್ಣ ಸಣ್ಣ ವೃತ್ತ ಬರೆದ ಹಾಗೆ ಬ್ರಷ್ ತಿರುಗಿಸುತ್ತಾ ಹೋದರೆ ಸತ್ತ ಕೂದಲು ಬುಡದಿಂದ ಎದ್ದು ಮೇಲೆ ಕೂತಿರುತ್ತದೆ. ಆಮೇಲೆ ಕೂದಲು ಮಲಗಿರುವ ದಿಕ್ಕಿಗೆ ಉದ್ದಕ್ಕೆ ಎಳೆದರೆ ರಬ್ಬರ್ ಅದನ್ನೆಲ್ಲಾ ಸುರುಳಿ ಮಾಡಿ ಬಾಲದ ಕಡೆಗೆ ತಳ್ಳಿಕೊಂಡು ಬರುತ್ತದೆ. ಸೊಂಟದ ಮೇಲೆ, ಬಾಲದ ಬುಡದಲ್ಲಿ ಅತಿ ಹೆಚ್ಚು. ಅವಳಿಗೆ ಇದು ಬಾಚುವುದು ಅಂತಲೇ ಗೊತ್ತಿಲ್ಲ. ಮೈ ತಿಕ್ಕಿಸಿಕೊಳ್ಳುವ ಸುಖದಲ್ಲಿ ಹಿಂಗಾಲು ತಾನೇ ಒದೆಯುತ್ತಿರುತ್ತದೆ. ಗ್ಲೋವ್ ರೂಪದಲ್ಲೂ ಇದು ಸಿಗುತ್ತದೆ. ಅದರ ಹಲ್ಲು ತೀರಾ ಗಿಡ್ಡ, ಬ್ರಷ್ ಕಂಡರೆ ಓಡುವ ಮರಿಗಳಿಗೆ ಅಭ್ಯಾಸ ಮಾಡಿಸಲು ಸರಿ, ಅಷ್ಟಕ್ಕೇ.

ಮೇಲಿನ ಮನೆಯ ಶೆಫರ್ಡ್‌ಗೆ ರಬ್ಬರ್ ಏನೂ ಮಾಡುವುದಿಲ್ಲ, ಹೊರಗೂದಲ ಮೇಲೇ ಜಾರಿಹೋಗುತ್ತದೆ. ಅವನಿಗೆ ಬೇಕಾದದ್ದು ಅಂಡರ್‌ಕೋಟ್ ರೇಕ್: ಒಂದೇ ಸಾಲಿನಲ್ಲೋ ಎರಡು ಸಾಲಿನಲ್ಲೋ ಬಿಡಿಬಿಡಿಯಾಗಿ ನಿಂತ ಉದ್ದನೆಯ ಲೋಹದ ಹಲ್ಲು. ಹಲ್ಲಿನ ಉದ್ದ ಒಳಪದರದ ಆಳದಷ್ಟಿರಬೇಕು, ತುದಿ ಗುಂಡಗಿರಬೇಕು. ಈ ಎರಡನ್ನೂ ಫೋಟೋ ನೋಡಿ ಹೇಳಲಾಗದು. ಹಾಗಾಗಿ ಇಂಥವನ್ನು ಆನ್‌ಲೈನ್ ತರಿಸುವುದಿಲ್ಲ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್‌ವರೆಗೆ ನಡೆದು, ಅಲ್ಲಿನ ಪೆಟ್ ಅಂಗಡಿಗಳಲ್ಲಿ ಹಲ್ಲನ್ನು ಮೊಣಕೈ ಒಳಭಾಗದ ಮೆತ್ತನೆ ಚರ್ಮದ ಮೇಲೆ ಎಳೆದು ನೋಡುತ್ತೇನೆ. ನನಗೆ ಗೀರಿದರೆ ಅವನಿಗೂ ಗೀರುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಶೆಫರ್ಡ್‌ನ ತೊಡೆ ಹಿಂದಿನ ಕುಚ್ಚಿನಲ್ಲಿ ರೇಕ್ ಇಳಿಸಿ ಗಿಡ್ಡ ಗಿಡ್ಡ ಎಳೆತ ಎಳೆದರೆ, ಮೇಲೆ ಕಪ್ಪು ಕಂದು ಕಾಣುವ ನಾಯಿಯಿಂದ ಬೂದಿ ಬಣ್ಣದ ತುಪ್ಪಟ ಹಿಡಿಗಟ್ಟಲೆ ಬರುತ್ತದೆ. ಪೂರ್ತಿ ಮುಗಿದಾಗ ಇನ್ನೊಂದು ನಾಯಿ ಮಾಡುವಷ್ಟು ಸಾಮಗ್ರಿ ಕೂಡಿರುತ್ತದೆ.

ಇನ್ನು ಎಲ್ಲರೂ ಮೊದಲು ಕೊಳ್ಳುವ, ಬ್ಲೇಡಿನಂಥ ಸಣ್ಣ ಹಲ್ಲಿನ ಡಿಶೆಡ್ಡಿಂಗ್ ಟೂಲ್, ಅಂದರೆ ಉದುರುವ ಕೂದಲನ್ನು ಎಳೆದು ತೆಗೆಯುವ ಸಾಮಾನು. ಫರ್ಮಿನೇಟರ್ ಅನ್ನುವ ಕಂಪನಿ ಹೆಸರೇ ಈಗ ಆ ಬಗೆಗೆಲ್ಲಾ ಅಂಟಿಕೊಂಡಿದೆ. ನನ್ನ ಹತ್ತಿರವೂ ಒಂದಿದೆ, ಹೋಳಿ ಮತ್ತು ದೀಪಾವಳಿ ಹೊತ್ತಿಗೆ ಮಾತ್ರ ಹೊರಗೆ ಬರುತ್ತದೆ. ಅದು ಎಳೆಯುವ ಒಳಗೂದಲ ರಾಶಿ ನೋಡಿದರೆ ಕೈ ನಿಲ್ಲುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಒಂದೇ ಜಾಗದಲ್ಲಿ ಒತ್ತಿ ಒತ್ತಿ ಎಳೆದರೆ ಗಟ್ಟಿ ಹೊರಗೂದಲೂ ತುಂಡಾಗುತ್ತದೆ. ಪರೀಕ್ಷೆ ಸುಲಭ: ಬಂದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಬರೀ ಮೆತ್ತನೆಯ ಪೇಲವ ತುಪ್ಪಟವಾದರೆ ಸರಿ. ನಡುವೆ ಹೊಳೆಯುವ ಒರಟು ಕೂದಲು, ಅದೂ ತುದಿ ಕತ್ತರಿಸಿದ ಹಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಹೊಟ್ಟೆ, ಮೊಣಕೈ, ಸೊಂಟದ ಮೂಳೆ ಎದ್ದ ಕಡೆ ಇದು ಬೇಡವೇ ಬೇಡ. ಶಿ ತ್ಸು, ಪೂಡಲ್‌ಗಳಿಗೂ ಬೇಡ. ಅವುಗಳ ಕೂದಲು ಬೆಳೆಯುತ್ತಾ ಹೋಗುವಂಥದ್ದು, ಅಲ್ಲಿನ ಸಮಸ್ಯೆ ಸಿಕ್ಕು.

ಸಿಕ್ಕು ಅಂದಾಗ ಎದುರು ವಿಂಗ್‌ನ ಪಾಮೇರಿಯನ್. ಅವಳಿಗೆ ಸ್ಲಿಕರ್ ಬ್ರಷ್ ಮತ್ತು ಸ್ಟೀಲ್ ಬಾಚಣಿಗೆ ಜೋಡಿ. ಬಾಗಿದ ಸೂಜಿಯಂಥ ತಂತಿಗಳಿರುವ ಸ್ಲಿಕರ್‌ನ ಹಿಡಿಯನ್ನು ಪೆನ್ಸಿಲ್ ಹಿಡಿದಷ್ಟು ಹಗುರಾಗಿ ಹಿಡಿದು, ಕೂದಲನ್ನು ಎಡಗೈಯಿಂದ ಮೇಲಕ್ಕೆ ಮಡಿಸಿ, ಕೆಳಗಿನಿಂದ ಒಂದೊಂದೇ ಪದರ ಬಿಡುತ್ತಾ ಬಾಚಬೇಕು. ಮೇಲೆ ಮೇಲೆ ಬಾಚಿದರೆ ನೋಡಲು ರೇಷ್ಮೆ, ಬುಡದಲ್ಲಿ ಕಂಬಳಿ. ಕೊನೆಗೆ ಬಾಚಣಿಗೆಯನ್ನು ಬುಡದಿಂದ ತುದಿಗೆ ಓಡಿಸಿದಾಗ ಎಲ್ಲೂ ತಡೆಯದಿದ್ದರೆ ಮುಗಿಯಿತು. ತಡೆಯುವುದು ಬಹುತೇಕ ಕಿವಿ ಹಿಂದೆ, ಕಂಕುಳಲ್ಲಿ, ಕತ್ತುಪಟ್ಟಿಯ ಕೆಳಗೆ. ಅಲ್ಲಿ ಕತ್ತರಿ ಹಾಕಲು ಹೋಗಬೇಡಿ, ಗಂಟಿನ ಜೊತೆ ಚರ್ಮವೂ ಎದ್ದು ಬಂದಿರುತ್ತದೆ. ಬೆರಳಿಂದ ಸಡಿಲಿಸಿ, ಬಾಚಣಿಗೆಯ ತುದಿ ಹಲ್ಲಿನಿಂದ ಹೊರಗಿನಿಂದ ಒಳಕ್ಕೆ ಬಿಡಿಸಿ.

ಸ್ನಾನದ ಮುಂಚೆಯೇ ಬಾಚಬೇಕು, ನೀರು ಬಿದ್ದರೆ ಸಿಕ್ಕು ಇನ್ನಷ್ಟು ಬಿಗಿಯುತ್ತದೆ. ನಾವು ಹಾಕಿಕೊಳ್ಳುವ ಶಾಂಪೂ ಬೇಡ. ನಾಯಿ ಚರ್ಮಕ್ಕೆ ಅದು ಒಗ್ಗುವುದಿಲ್ಲ, ಒಣಗಿ ಹೊಟ್ಟು ಏಳುತ್ತದೆ, ಕೂದಲು ಇನ್ನೂ ಉದುರುತ್ತದೆ. ಜುಲೈ ಬಂದರೆ ಮುಂಬಯಿಯಲ್ಲಿ ನಮ್ಮ ಜೀನ್ಸೇ ಮೂರು ದಿನ ಒಣಗುವುದಿಲ್ಲ, ಇನ್ನು ಒಳಪದರದ ಬುಡ ಎಲ್ಲಿ ಒಣಗೀತು? ಮೇಲೆ ಒಣಗಿದಂತಿದ್ದು ಒಳಗೆ ತೇವ ಕೂತರೆ ವಾಸನೆ, ತುರಿಕೆ, ಕೆಂಪಗೆ ಒಸರುವ ಹುಣ್ಣು. ನಾವು ಮೂರು ಮನೆಯವರು ಪಾಲು ಹಾಕಿ ಪೆಟ್ ಬ್ಲೋವರ್ ಕೊಂಡದ್ದು ಈ ಕಾರಣಕ್ಕೆ. ನಮ್ಮ ಹೇರ್‌ಡ್ರೈಯರ್ ಹಾಗೆ ಬಿಸಿಯಿಂದ ಅದು ಒಣಗಿಸುವುದಿಲ್ಲ, ಗಾಳಿಯ ರಭಸಕ್ಕೇ ನೀರೂ ಸತ್ತ ಕೂದಲೂ ಹಾರಿಹೋಗುತ್ತವೆ. ಸದ್ದು ಮಾತ್ರ ವಿಪರೀತ. ದೂರದಲ್ಲಿಟ್ಟು ಚಾಲೂ ಮಾಡಿ, ತಿನಿಸು ಕೊಡುತ್ತಾ ದಿನಕ್ಕಿಷ್ಟು ಹತ್ತಿರ ತರಬೇಕು. ಮುಖಕ್ಕೆ, ಕಿವಿಗೆ ಹಿಡಿಯುವಂತಿಲ್ಲ.

ಮೇ ತಿಂಗಳಲ್ಲಿ ಶೆಫರ್ಡ್ ಮನೆಯವರು ಪ್ರತಿ ಸಲ ಹೇಳುತ್ತಾರೆ, "ಬೋಳಿಸಿಬಿಡಿ ತಾಯಿ, ಸೆಖೆ ನೋಡೋಕಾಗಲ್ಲ." ನಾನು ಒಪ್ಪುವುದಿಲ್ಲ. ಹೊರಗೂದಲು ಬಿಸಿಲನ್ನು ಚರ್ಮಕ್ಕೆ ಬಿಡದೆ ತಡೆಯುತ್ತದೆ. ಸತ್ತ ಒಳಪದರ ತೆಗೆದರೆ ಮೈಗೆ ಗಾಳಿಯಾಡುತ್ತದೆ, ಸೆಖೆಗೆ ಬೇಕಾದ್ದು ಅದು. ಬೋಳಿಸಿದ ಎರಡು ಪದರದ ನಾಯಿಗಳಲ್ಲಿ ಕೆಲವಕ್ಕೆ ಕೂದಲು ತಿಂಗಳುಗಟ್ಟಲೆ ಬರುವುದೇ ಇಲ್ಲ, ಬಂದರೂ ತೇಪೆತೇಪೆಯಾಗಿ.

ಬಾಚಣಿಗೆಯಿಂದ ಬಗೆಹರಿಯದ ಉದುರುವಿಕೆಯೂ ಇದೆ. ಎಷ್ಟೇ ಕೂದಲು ಉದುರಿದರೂ ಮೈ ತುಂಬಿಯೇ ಕಾಣುತ್ತಿದ್ದರೆ ಸಹಜ. ಬೋಳು ತೇಪೆ, ಕೆಂಪು, ಬಿಡದ ತುರಿಕೆ, ಎಣ್ಣೆಜಿಡ್ಡಿನ ವಾಸನೆ ಇದ್ದರೆ ಉಣ್ಣಿಯೋ ನುಸಿಯೋ ಬೂಷ್ಟೋ ಇರಬಹುದು. ಎರಡೂ ಪಕ್ಕೆಯಲ್ಲಿ ಸಮವಾಗಿ ಕೂದಲು ತೆಳುವಾಗಿ, ಊಟ ಅಷ್ಟೇ ಇದ್ದರೂ ಮೈ ಬಂದು, ನಾಯಿ ಮಂಕಾಗಿ ಬಿದ್ದಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಲು ಡಾಕ್ಟರರಿಗೆ ತೋರಿಸಬೇಕು. ಮರಿ ಹಾಕಿದ ಹೆಣ್ಣುನಾಯಿ ಕೆಲ ವಾರದ ಮೇಲೆ ರಾಶಿ ರಾಶಿ ಉದುರಿಸುತ್ತದೆ, ಅದಕ್ಕೆ ಗಾಬರಿ ಬೇಡ. ಬಾಚುವ ಹೊತ್ತು ಮೈಯೆಲ್ಲಾ ಕೈಯಾಡಿಸುವುದರಿಂದ ಇವೆಲ್ಲಾ ಬೇಗ ಸಿಗುತ್ತವೆ. ಚೀಕುವಿನ ಕಾಲ್ಬೆರಳ ಸಂದಿಯ ಉಣ್ಣಿಗಳು ನನಗೆ ಸಿಕ್ಕಿರುವುದೆಲ್ಲಾ ಹೀಗೆಯೇ.

ಕೊನೆಗೆ ಸಾಮಾನಿನ ಆರೈಕೆ. ಸ್ಲಿಕರ್‌ನ ತಂತಿ ಒಂದು ಸೊಟ್ಟಗಾದರೂ, ತುದಿಯ ಗುಂಡು ಉದುರಿದರೂ ಎಸೆಯಿರಿ. ಮಳೆಗಾಲದಲ್ಲಿ ರೇಕ್, ಬಾಚಣಿಗೆಗಳನ್ನು ತೊಳೆದು, ಒರೆಸಿ, ಫ್ಯಾನ್ ಗಾಳಿಗಿಟ್ಟೇ ಡಬ್ಬಿಗೆ ಹಾಕಬೇಕು, ಈ ಊರಿನ ಹವೆಗೆ ಎಲ್ಲವೂ ತುಕ್ಕು ಹಿಡಿಯುತ್ತದೆ. ಚರ್ಮದ ತೊಂದರೆ ಇರುವ ನಾಯಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ. ರಬ್ಬರ್ ಬ್ರಷ್‌ಗೆ ತುಕ್ಕಿನ ರಗಳೆ ಇಲ್ಲ. ನಾಯಿ ಬಾಚಿದ ಮೇಲೆ ಅದನ್ನೇ ಒದ್ದೆ ಮಾಡಿ ಸೋಫಾ ಮೇಲೆ ಎಳೆದರೆ ವ್ಯಾಕ್ಯೂಮ್‌ಗೆ ಬಾರದ ಲ್ಯಾಬ್ ಕೂದಲೂ ಎದ್ದು ಬರುತ್ತದೆ. ಮೋರಿಗೆ ತೊಳೆದು ಬಿಡುವ ಮುಂಚೆ ಜಾಲರಿ ಇಡಿ, ಇಲ್ಲದಿದ್ದರೆ ಪ್ಲಂಬರ್‌ಗೆ ಕೊಡುವ ದುಡ್ಡಿನಲ್ಲಿ ಇನ್ನೆರಡು ಬ್ರಷ್ ಬರುತ್ತವೆ.