ಮೋಟರ್‌ಹೋಮ್ ಚಾವಣಿಯ ಹಳೇ ಸೀಲಂಟ್ ಕಿತ್ತು ಹೊಸದು ಹಾಕುವುದು

ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ ಮಾನ್ಸೂನ್ ಅಂದರೆ ನಮ್ಮ ಮಲೆನಾಡಿನ ಹಾಗೆ ವಾರಗಟ್ಟಲೆ ಹಿಡಿಯುವ ಮಳೆಯಲ್ಲ. ಜುಲೈ, ಆಗಸ್ಟ್‌ನಲ್ಲಿ ಒಂದು ಸಂಜೆ ಧೂಳು ಏಳುತ್ತದೆ, ಗಾಳಿ ಬೀಸುತ್ತದೆ, ಅರ್ಧ ಗಂಟೆ ಬಾರಿಸಿ ಹೋಗುತ್ತದೆ. ಆ ಅರ್ಧ ಗಂಟೆಯೇ ಸಾಕಾಯಿತು. ಮಾರನೇ ದಿನ ನಮ್ಮ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ (ಒಳಗೇ ವಾಸ ಮಾಡುವಂಥ ಗಾಡಿ) ಬಾಗಿಲು ತೆಗೆದು ನೋಡಿದರೆ, ಹಾಸಿಗೆಯ ಮೇಲಿನ ಸೀಲಿಂಗ್‌ನಲ್ಲಿ ಕಾಫಿ ಚೆಲ್ಲಿದ ಹಾಗೆ ಕಂದು ಕಲೆ.

ಏಣಿ ಹಾಕಿ ಮೇಲೆ ಹತ್ತಿದೆ. ಹಿಂದಿನ ಮಾಲೀಕರು ಎಲ್ಲಿ ಬಿರುಕು ಕಂಡಿತೋ ಅಲ್ಲೆಲ್ಲ ಸ್ನಾನದ ಮನೆಗೆ ಹಾಕುವ ಸಿಲಿಕೋನ್ ಬಳಿದಿದ್ದರು. ಅದರ ಕೆಳಗೆ ಹಳೇ ಸೀಲಂಟ್, ಅಂದರೆ ನೀರು ಹೋಗದ ಹಾಗೆ ಸಂದಿ ಮುಚ್ಚುವ ಅಂಟು, ಅದರ ಕೆಳಗೆ ಇನ್ನೂ ಹಳೇದು. ಬಾಳೆದಿಂಡಿನ ಹಾಗೆ ಪದರ ಪದರ! ಹೊಸದು ಹಾಕೋದು ಎರಡು ಗಂಟೆ ಕೆಲಸ. ಹಳೇದು ಕಿತ್ತು ಒರೆಸೋದಕ್ಕೆ ಎರಡು ದಿನ ಹಿಡಿಯಿತು. ಈ ಲೆಕ್ಕ ಮೊದಲೇ ತಲೆಯಲ್ಲಿದ್ದರೆ ಅವಸರ ಮಾಡೋದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಚಾವಣಿಯ ಹಾಳೆ ಸೋರೋದು ಕಡಿಮೆ. ಸೋರೋದು ಅದರಲ್ಲಿ ತೂತು ಕೊರೆದು ಏನಾದರೂ ಕೂರಿಸಿದ ಕಡೆ: ಗಾಳಿ ಹೋಗುವ ವೆಂಟ್, ಸ್ಕೈಲೈಟ್, ಟ್ಯಾಂಕಿನಿಂದ ಮೇಲೆ ಬರುವ ಪೈಪು, ಆಂಟೆನಾ, ಹಿಂದಿನ ಏಣಿಯ ಬೋಲ್ಟು, ಸೋಲಾರ್ ಪ್ಯಾನಲ್ಲಿನ ಕಾಲು. ಜೊತೆಗೆ ಮುಂದೆ, ಹಿಂದೆ ಫೈಬರ್‌ಗ್ಲಾಸ್ ಮೂತಿ ಚಾವಣಿಗೆ ಸೇರುವ ಉದ್ದನೆಯ ಜೋಡಣೆ. ಕಲೆ ಇದ್ದ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಅಂತ ನಂಬಬೇಡಿ. ನೀರು ಒಳಗಿನ ಮರದ ಪಟ್ಟಿ ಹಿಡಿದುಕೊಂಡು ಎಷ್ಟೋ ಅಡಿ ಹರಿದು ಆಮೇಲೆ ತೊಟ್ಟಿಕ್ಕುತ್ತದೆ. ನಮ್ಮ ಹಾಸಿಗೆ ಮೇಲಿನ ಕಲೆಗೆ ಕಾರಣ ಸಿಕ್ಕಿದ್ದು ಬಾತ್‌ರೂಮ್ ವೆಂಟಿನಲ್ಲಿ.

ಚಾವಣಿ ಯಾವುದು ಅಂತ ಗೊತ್ತಿಲ್ಲದೆ ಅಂಗಡಿಗೆ ಹೋಗಬೇಡಿ. ಅಮೆರಿಕದ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಪಿಡಿಎಂ ಅನ್ನುವ ರಬ್ಬರ್ ಹಾಳೆ, ಟಿಪಿಓ ಅನ್ನುವ ಪ್ಲಾಸ್ಟಿಕ್ ಹಾಳೆ, ಇಲ್ಲವೇ ಫೈಬರ್‌ಗ್ಲಾಸ್. ತೀರಾ ಹಳೇ ಗಾಡಿಗಳಲ್ಲಿ ಅಲ್ಯೂಮಿನಿಯಂ ಇರುತ್ತದೆ. ಮೆತ್ತಗಿದ್ದು, ಬೆರಳಿಂದ ಉಜ್ಜಿದರೆ ಸೀಮೆಸುಣ್ಣದ ಹಾಗೆ ಬಿಳಿ ಪುಡಿ ಅಂಟಿಕೊಂಡರೆ ಅದು ಇಪಿಡಿಎಂ ಇರಬಹುದು. ವೆಂಟಿನ ಒಳಗಿನ ಚೌಕಟ್ಟು ಬಿಚ್ಚಿದರೆ ಹಾಳೆಯ ಕತ್ತರಿಸಿದ ಅಂಚು ಕಾಣುತ್ತದೆ. ಅಡಿಭಾಗ ಕಪ್ಪಗಿದ್ದರೆ ಇಪಿಡಿಎಂ, ಬಿಳಿ ಅಥವಾ ಬೂದು ಇದ್ದರೆ ಟಿಪಿಓ. ಬೆರಳಿಂದ ಬಡಿದಾಗ ಟಕ್ ಟಕ್ ಅನ್ನುವ ಗಟ್ಟಿ ಮೈ ಇದ್ದರೆ ಫೈಬರ್‌ಗ್ಲಾಸ್.

ಸೀಲಂಟ್‌ನಲ್ಲಿ ಎರಡು ಬಗೆ ಬೇಕು. ಮಟ್ಟವಾದ ಜಾಗಕ್ಕೆ ಸೆಲ್ಫ್ ಲೆವೆಲಿಂಗ್ ಲ್ಯಾಪ್ ಸೀಲಂಟ್, ಅಂದರೆ ಹಾಕಿದ ಮೇಲೆ ದೋಸೆ ಹಿಟ್ಟಿನ ಹಾಗೆ ತಾನೇ ಹರಡಿಕೊಳ್ಳುವಂಥದ್ದು. ಇಳಿಜಾರಿಗೂ ಗೋಡೆಯ ಕಡೆಗೂ ಹರಿಯದೆ ನಿಲ್ಲುವ ನಾನ್ ಸ್ಯಾಗ್. ನಾನು ಎರಡೂ ಡೈಕೋರ್ ಕಂಪನಿಯದೇ ತಂದೆ. ಯಾವುದೇ ಕಂಪನಿಯದಾದರೂ ಟ್ಯೂಬಿನ ಮೇಲೆ ನಿಮ್ಮ ಚಾವಣಿಯ ಹೆಸರು ಬರೆದಿದೆಯೇ ಅಂತ ಓದಿ ನೋಡಿ. ನಮ್ಮ ಗಾಡಿ 28 ಅಡಿ, ಒಟ್ಟು 9 ಟ್ಯೂಬ್ ಆಯಿತು. ದೊಡ್ಡ ವೆಂಟಿಗೆ ಒಂದೊಂದು ಟ್ಯೂಬ್ ಅಂತ ಲೆಕ್ಕ ಹಿಡಿದು, ಉದ್ದದ ಜೋಡಣೆಗಳಿಗೆ ಮೂರ್ನಾಲ್ಕು ಜಾಸ್ತಿ ತಂದುಕೊಳ್ಳಿ. ಇದರ ಜೊತೆಗೆ ಬ್ಯೂಟೈಲ್ ಟೇಪ್ (ಎರಡೂ ಕಡೆ ಅಂಟುವ ಮೆತ್ತನೆ ಪಟ್ಟಿ), ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳು, ನಾಲ್ಕಾರು ಪ್ಲಾಸ್ಟಿಕ್ ಸ್ಕ್ರೇಪರ್, ಬಿಸಿ ಗಾಳಿ ಊದುವ ಹೀಟ್ ಗನ್, ಟ್ಯೂಬ್ ಒತ್ತುವ ಸೀಲಂಟ್ ಗನ್, ಐಸೋಪ್ರೊಪೈಲ್ ಆಲ್ಕೋಹಾಲ್, ರಾಶಿ ಹಳೇ ಬಟ್ಟೆ. ಬಟ್ಟೆ ಮಾತ್ರ ಎಷ್ಟಿದ್ದರೂ ಸಾಲೋದಿಲ್ಲ.

ಹತ್ತೋಕೆ ಮುಂಚೆ ದಿನ ನೋಡಿಕೊಳ್ಳಿ. ಪಂಚಾಂಗ ಬೇಡ, ಹವಾಮಾನ ಸಾಕು. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಚಾವಣಿ ಪೂರಾ ಒಣಗಿರಬೇಕು, ಮಾರನೇ ದಿನವೂ ಮಳೆ ಇರಬಾರದು. ನಮ್ಮ ಕಡೆ ಬೇಸಿಗೆಯಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ಆಗ ಚಾವಣಿ ಕಾದ ಹೆಂಚು. ಹಾಗಾಗಿ ಆ ಮಳೆಗಾಲ ಟಾರ್ಪಾಲು ಹೊದಿಸಿ ಕಳೆದು, ನವೆಂಬರ್‌ನಲ್ಲಿ ಕೆಲಸಕ್ಕೆ ಕೈ ಹಾಕಿದೆ. ಮೇಲೆ ಹೋದಾಗ ಸುಮ್ನೆ ಓಡಾಡಬೇಡಿ. ಹಾಳೆಯ ಕೆಳಗಿರುವುದು ತೆಳ್ಳನೆ ಹಲಗೆ. ಒಂದು ಪ್ಲೈವುಡ್ ತುಂಡು ಹಾಸಿ ಅದರ ಮೇಲೆ ಮಂಡಿಯೂರಿ, ಭಾರ ಹಂಚಿಹೋಗುತ್ತದೆ. ಅಂಚಿಗೆ ಬೆನ್ನು ಹಾಕಿ ಹಿಂದಕ್ಕೆ ಸರಿಯುತ್ತಾ ಕೆಲಸ ಮಾಡೋದು ಬೇಡವೇ ಬೇಡ, ಕೆಳಗೆ ನೆಲ ಹತ್ತು ಅಡಿಗಿಂತ ಜಾಸ್ತಿ ದೂರ ಇದೆ.

ಮೊದಲು ಪ್ರತಿ ವೆಂಟಿನ ಸುತ್ತ ಅಂಗೈಯಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಹಲಗೆ ಕೊಳೆತಿದೆ ಅಂತ ಅರ್ಥ. ಆಗ ಸೀಲಂಟ್ ಹಾಕಿ ಪ್ರಯೋಜನವಿಲ್ಲ. ಹಾಳೆ ಎಬ್ಬಿಸಿ, ಹಲಗೆ ಬದಲಿಸಿ, ಆಮೇಲೆ ಇದೆಲ್ಲ.

ಗಟ್ಟಿಯಾಗಿದ್ದರೆ ಸೋಪು ನೀರಲ್ಲಿ ತೊಳೆದು ಒಣಗಲು ಬಿಡಿ. ಆಮೇಲೆ ಹಳೇ ಸೀಲಂಟನ್ನು ಒಂದೊಂದು ಗೇಣಿಗೂ ಉಗುರಿನಿಂದ ಎಬ್ಬಿಸಿ ನೋಡಿ. ಎಲ್ಲವನ್ನೂ ಕಿತ್ತು ಬೋಳು ಮಾಡಬೇಕು ಅಂತೇನಿಲ್ಲ. ಹಳೇದೂ ಲ್ಯಾಪ್ ಸೀಲಂಟೇ ಆಗಿದ್ದು, ಬಿಗಿಯಾಗಿ ಅಂಟಿಕೊಂಡಿದ್ದು, ಮೇಲೆ ಮಾತ್ರ ಸಣ್ಣ ಬಿರುಕು ಬಿಟ್ಟಿದ್ದರೆ, ಚೆನ್ನಾಗಿ ಒರೆಸಿ ಅದರ ಮೇಲೆಯೇ ಹೊಸದು ಹಾಕಬಹುದು. ಬಿಗಿಯಾಗಿ ಕೂತಿದ್ದನ್ನು ಹಟ ಮಾಡಿ ಕೀಳೋಕೆ ಹೋದವರೇ ಹಾಳೆ ಹರಿದುಕೊಳ್ಳೋದು. ಅಂಚು ಎದ್ದಿರೋದು, ಕೆಳಗೆ ನೀರು ಹೋಗಿರೋದು, ಪುಡಿ ಪುಡಿ ಆಗಿರೋದನ್ನು ತೆಗೆಯಲೇಬೇಕು. ಸಿಲಿಕೋನ್ ಇದ್ದರಂತೂ ಒಂದು ಚೂರೂ ಬಿಡೋ ಹಾಗಿಲ್ಲ. ಅದರ ಮೇಲೆ ಬೇರೆ ಯಾವುದೂ ಹಿಡಿಯೋದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯೋದಿಲ್ಲ.

ಕೀಳುವ ಕ್ರಮ ಹೀಗೆ. ಹೀಟ್ ಗನ್ ಕಡಿಮೆ ಬಿಸಿಗೆ ಇಟ್ಟು, ಒಂದೇ ಕಡೆ ನಿಲ್ಲಿಸದೆ, ಆಡಿಸುತ್ತಾ ಇರಿ. ಸೀಲಂಟ್ ಚ್ಯೂಯಿಂಗ್ ಗಮ್‌ನಷ್ಟು ಮೆತ್ತಗಾದಾಗ ಪ್ಲಾಸ್ಟಿಕ್ ಸ್ಕ್ರೇಪರನ್ನು ಆದಷ್ಟು ಮಲಗಿಸಿ ಕೆಳಗೆ ತೂರಿಸಿ. ಪಟ್ಟಿ ಪಟ್ಟಿಯಾಗಿ ಏಳುತ್ತದೆ. ಹೊಗೆ ಬಂತು ಅಂದರೆ ಬಿಸಿ ಜಾಸ್ತಿಯಾಯಿತು, ರಬ್ಬರ್ ಮತ್ತು ವೆಂಟಿನ ಪ್ಲಾಸ್ಟಿಕ್ ಎರಡೂ ಸೊಟ್ಟಗಾಗುತ್ತವೆ. ಕಬ್ಬಿಣದ ಸ್ಕ್ರೇಪರ್ ಬೇಗ ಕೆಲಸ ಮಾಡುತ್ತದೆ ಅನ್ನೋದು ನಿಜ. ನಾನೂ ಅದನ್ನೇ ನಂಬಿ ಮೊದಲ ದಿನವೇ ಎರಡು ಇಂಚು ಹಾಳೆ ಸೀಳಿದೆ. ಆಮೇಲೆ ಅದಕ್ಕೆ ಎಟರ್ನಾಬಾಂಡ್ ಟೇಪಿನ ತೇಪೆ ಹಾಕಬೇಕಾಯಿತು. ಆ ಟೇಪ್ ಒಮ್ಮೆ ಅಂಟಿದರೆ ಬಿಡೋ ಜಾತಿಯಲ್ಲ, ಇಡುವ ಮುಂಚೆ ಎರಡು ಸಲ ನೋಡಿ ಇಡಿ.

ಉಳಿದ ಜಿಡ್ಡು ತೆಗೆಯಲು ಬಟ್ಟೆಗೆ ಆಲ್ಕೋಹಾಲ್ ಹಾಕಿ ಉಜ್ಜಿ. ಹೀಟ್ ಗನ್ ಆರಿಸಿ ದೂರ ಇಟ್ಟ ಮೇಲೆಯೇ ಬಾಟಲಿ ತೆಗೆಯಿರಿ, ಆಲ್ಕೋಹಾಲ್ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಪೆಟ್ರೋಲ್, ಥಿನ್ನರ್, ಕಿತ್ತಳೆ ಎಣ್ಣೆಯ ಕ್ಲೀನರ್ ಇವುಗಳನ್ನು ಇಪಿಡಿಎಂ ಹತ್ತಿರ ತರಬೇಡಿ, ರಬ್ಬರ್ ಊದಿಕೊಂಡು ಹಲಗೆ ಬಿಟ್ಟು ಏಳುತ್ತದೆ. ಸಿಲಿಕೋನ್ ಪೂರ್ತಿ ಹೋಗಿದೆಯೇ ಅಂತ ನೋಡಲು ನಾನು ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸುತ್ತಿದ್ದೆ. ಟೇಪ್ ಹಿಡಿಯದೆ ಸಲೀಸಾಗಿ ಎದ್ದು ಬಂದರೆ ಇನ್ನೊಂದು ಸುತ್ತು ಉಜ್ಜೋದು.

ಸೀಲಂಟ್ ಹೋದ ಮೇಲೆ ಸ್ಕ್ರೂ ತಲೆಗಳು ಕಾಣುತ್ತವೆ. ತುಕ್ಕು ಹಿಡಿದವನ್ನು ಬಿಚ್ಚಿ ಸ್ಟೇನ್‌ಲೆಸ್ ಹಾಕಿ. ಡ್ರಿಲ್ ಬೇಡ, ಕೈಯಿಂದಲೇ ಬಿಗಿ ಮಾಡಿ, ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಅಂಚು ಟಪ್ ಅಂತ ಸೀಳುತ್ತದೆ. ವೆಂಟ್ ಅಲ್ಲಾಡುತ್ತಿದ್ದರೆ, ಅಥವಾ ಅಂಚಿನ ಕೆಳಗಿಂದ ನೀರು ಜಿನುಗಿದರೆ, ಇಡೀ ವೆಂಟನ್ನೇ ಎತ್ತಿ. ಅಡಿಯಲ್ಲಿ ಹೊಸ ಬ್ಯೂಟೈಲ್ ಟೇಪ್ ಹಾಸಿ ಕೂರಿಸಿ. ನೀರು ತಡೆಯುವ ನಿಜವಾದ ಕೆಲಸ ಆ ಟೇಪಿನದು, ಮೇಲಿನ ಸೀಲಂಟ್ ಅದಕ್ಕೊಂದು ಕೊಡೆ.

ಈಗ ಸುಲಭದ ಭಾಗ. ಟ್ಯೂಬಿನ ಮೂತಿ ಓರೆಯಾಗಿ ಕತ್ತರಿಸಿ ಸೀಲಂಟ್ ಗನ್‌ಗೆ ಹಾಕಿ. ಮೊದಲು ಪ್ಲಾಸ್ಟಿಕ್ ಅಂಚು ಚಾವಣಿಗೆ ಸೇರುವ ಗೆರೆಯ ಮೇಲೆ ಒಂದು ಸುತ್ತು, ಆಮೇಲೆ ಸ್ಕ್ರೂ ತಲೆಗಳ ಮೇಲೆ ಇನ್ನೊಂದು. ಅಂಚು ದಾಟಿ ಅರ್ಧ ಇಂಚಾದರೂ ಚಾವಣಿ ಮೇಲೆ ಬರಲಿ, ಸ್ಕ್ರೂ ತಲೆ ಕಾಣದಷ್ಟು ದಪ್ಪ ಇರಲಿ. ಬೆರಳಿಂದ ಸವರಿ ನಯ ಮಾಡೋಕೆ ಹೋಗಬೇಡಿ, ಅದೇ ಹರಡಿಕೊಂಡು ಕೂರುತ್ತದೆ, ನೀವು ಸವರಿದರೆ ತೆಳ್ಳಗಾಗುತ್ತದೆ ಅಷ್ಟೆ. ಚಾವಣಿ ಗೋಡೆಯ ಕಡೆ ಬಾಗುವಲ್ಲಿ ನಾನ್ ಸ್ಯಾಗ್ ಹಾಕಿ, ಇಲ್ಲವಾದರೆ ಸೀಲಂಟ್ ಕಿಟಕಿಯವರೆಗೂ ಇಳಿದು ಅಕ್ಕಪಕ್ಕದವರಿಗೆಲ್ಲ ನಿಮ್ಮ ಕೈಚಳಕ ಕಾಣುತ್ತದೆ.

ಎಸಿ ಸುತ್ತ ಮಾತ್ರ ಏನೂ ಹಾಕಬೇಡಿ. ಅದು ಕೂತಿರುವುದು 14 ಇಂಚಿನ ಚೌಕ ತೂತಿನ ಮೇಲೆ, ದಪ್ಪ ಸ್ಪಂಜಿನ ಗ್ಯಾಸ್ಕೆಟ್ ಇಟ್ಟು. ಸೋರಿದರೆ ಒಳಗಿನಿಂದ ಅದರ ಉದ್ದ ಬೋಲ್ಟುಗಳನ್ನು ಸ್ವಲ್ಪ ಸಮವಾಗಿ ಬಿಗಿ ಮಾಡಿ, ಆಗಲೂ ನಿಲ್ಲದಿದ್ದರೆ ಗ್ಯಾಸ್ಕೆಟ್ ಬದಲಿಸಬೇಕು. ಹೊರಗೆ ಸೀಲಂಟ್ ಮೆತ್ತಿದರೆ ಎಸಿಯಿಂದ ಬರುವ ನೀರಿಗೆ ಹೊರಗೆ ಹೋಗೋಕೆ ದಾರಿಯೇ ಇರೋದಿಲ್ಲ, ಅದು ಒಳಗೇ ಬರುತ್ತದೆ.

ಮೇಲ್ಮೈ ಬೇಗ ಕೆನೆ ಕಟ್ಟುತ್ತದೆ, ಒಳಗೆ ಪೂರ್ತಿ ಗಟ್ಟಿಯಾಗಲು ಒಂದು ತಿಂಗಳವರೆಗೂ ಬೇಕು. ಮರುದಿನ ಹತ್ತಿ ನೋಡಿದರೆ ಅಲ್ಲಲ್ಲಿ ಗುಳ್ಳೆ ಒಡೆದ ಸಣ್ಣ ತೂತು ಇರಬಹುದು, ಅದಕ್ಕೆ ಒಂದೊಂದು ಹನಿ ಹಾಕಿದರೆ ಆಯಿತು. ಎರಡು ದಿನ ಬಿಟ್ಟು ನೀರಿನ ಪೈಪ್ ಹಿಡಿದು ಪರೀಕ್ಷೆ ಮಾಡಿದೆವು. ನಾನು ಮೇಲೆ, ನನ್ನ ಹೆಂಡತಿ ಒಳಗೆ ಟಾರ್ಚ್ ಹಿಡಿದು. ತಗ್ಗಿನ ಕಡೆಯಿಂದ ಶುರು ಮಾಡಿ, ಒಂದೊಂದು ವೆಂಟಿಗೆ ಐದು ನಿಮಿಷ ನೀರು ಬಿಟ್ಟು, ಆಮೇಲೆ ಎತ್ತರದ ಕಡೆಗೆ. ಒಟ್ಟಿಗೆ ಎಲ್ಲ ಕಡೆ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತಾಗೋದಿಲ್ಲ, ಅಲ್ವಾ?

ಈಗ ವರ್ಷಕ್ಕೆ ಎರಡು ಸಲ, ಮಾನ್ಸೂನ್‌ಗೆ ಮುಂಚೆ ಒಂದು ಸಲ, ಚಳಿ ಶುರುವಾಗೋ ಮುಂಚೆ ಒಂದು ಸಲ, ಹತ್ತಿ ನೋಡುತ್ತೇನೆ. ಊರಲ್ಲಿ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಲು ಅಪ್ಪ ಮಾಡು ಹತ್ತುತ್ತಿದ್ದ ಹಾಗೆ. ಉಳಿದ ಅರ್ಧ ಟ್ಯೂಬಿನ ಮೂತಿಗೆ ಒಂದು ದಪ್ಪ ಸ್ಕ್ರೂ ತಿರುಗಿಸಿ ಇಟ್ಟಿದ್ದೇನೆ. ಮುಂದಿನ ಸಲ ಮೂತಿಯಲ್ಲಿ ಗಟ್ಟಿಯಾದಷ್ಟನ್ನು ಕತ್ತರಿಸಿ ಎಸೆದರೆ ಉಳಿದದ್ದು ಕೆಲಸಕ್ಕೆ ಬಂದರೂ ಬಂತು.