ಒತ್ತಕ್ಷರಕ್ಕೆ ತಡವರಿಸುವ ಮಕ್ಕಳಿಗೆ

ಎರಡನೇ, ಮೂರನೇ ಕ್ಲಾಸಿನ ಮಕ್ಕಳು ಓದುವಾಗ ಹೆಚ್ಚಾಗಿ ಎಡವುವುದು ಒತ್ತಕ್ಷರದಲ್ಲಿ. ‘ಅಕ್ಕ’, ‘ಹಬ್ಬ’ ಸಲೀಸು, ಅದೇ ಅಕ್ಷರದ ಒತ್ತು. ‘ಪುಸ್ತಕ’, ‘ರಾತ್ರಿ’ ಬಂದರೆ ನಿಂತುಬಿಡುತ್ತಾರೆ. ಆಗ ಬೈಯಬೇಡಿ. ಆ ಪದ ನೀವೇ ಹೇಳಿ, ಮುಂದೆ ಹೋಗಿ. ಕಥೆ ನಿಲ್ಲಬಾರದು, ಅಲ್ವಾ?

ನನ್ನ ಮಗಳಿಗೆ ಜಾಸ್ತಿ ಸಹಾಯ ಮಾಡಿದ್ದು ಬಸ್ಸಿನ ಬೋರ್ಡುಗಳು. ‘ಚಿಕ್ಕಬಳ್ಳಾಪುರ’ ತಡವರಿಸದೆ ಓದಿದ ದಿನ ಅವಳ ಮುಖ ನೋಡಬೇಕಿತ್ತು!

ಮನೆಯಲ್ಲಿ ಕಥೆ ಪುಸ್ತಕ ಇಲ್ಲವೇ? ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, 1ರಿಂದ 4ರವರೆಗಿನ ಹಂತಗಳಲ್ಲಿ. ಕ್ಲಾಸ್ ನೋಡಿ ಹಂತ ಆರಿಸಬೇಡಿ. ಮೂರನೇ ಕ್ಲಾಸಿನ ಮಗು 1ನೇ ಹಂತದಿಂದ ಶುರು ಮಾಡಿದರೂ ತಪ್ಪೇನಿಲ್ಲ. ಮಲಗುವ ಮುಂಚೆ ಹತ್ತು ನಿಮಿಷ ಸಾಕು. ಒಂದು ಸಾಲು ನೀವು, ಒಂದು ಸಾಲು ಮಗು. ಮುಗಿದ ಮೇಲೆ ಪರೀಕ್ಷೆ ಥರ ಪ್ರಶ್ನೆ ಮಾತ್ರ ಕೇಳಬೇಡಿ, ದಯವಿಟ್ಟು.